ಹೊತ್ತಿಗೆ ತಾನೇ ಏಳುವ ಯಂತ್ರ

ನಮ್ಮ ಶಾಲೆ ಕಾಲೇಜುಗಳಲ್ಲಿರುವ ಗಣಕಯಂತ್ರಗಳು, ಎಂದರೆ ಕಂಪ್ಯೂಟರುಗಳು, ರಾತ್ರಿಯನ್ನು ಸಾಮಾನ್ಯವಾಗಿ ಎರಡು ಬಗೆಗಳಲ್ಲಿ ಕಳೆಯುತ್ತವೆ. ಕೆಲವು ಕಡೆ ಅವನ್ನು ಆರಿಸುವುದೇ ಇಲ್ಲ. ಬೆಳಗ್ಗೆ ಒಂಬತ್ತಕ್ಕೆ ಪ್ರಯೋಗದ ತರಗತಿ ಇರುವುದರಿಂದ ಯಂತ್ರಗಳು ಸಿದ್ಧವಾಗಿರಲೆಂದು ರಾತ್ರಿಯಿಡೀ ನಡೆಯಬಿಡುತ್ತಾರೆ. ಇನ್ನು ಕೆಲವು ಕಡೆ ಸಂಜೆ ಬಾಗಿಲು ಹಾಕುವವರು ಗೋಡೆಯ ಮುಖ್ಯ ಸ್ವಿಚ್ಚನ್ನೇ ಕೆಳಗೆಳೆದು ಹೋಗುತ್ತಾರೆ. ಬೆಳಗ್ಗೆ ಯಾರಾದರೂ ಬಂದು ಮೂವತ್ತು ಗುಂಡಿಗಳನ್ನು ಒಂದೊಂದಾಗಿ ಒತ್ತಬೇಕು, ತರಗತಿಯ ಮೊದಲ ಕಾಲುಗಂಟೆ ಅದರಲ್ಲೇ ಕಳೆದುಹೋಗುತ್ತದೆ. ಮೊದಲನೆಯದು ದುಂದು, ಎರಡನೆಯದು ದಂಡ. ಇವೆರಡರ ನಡುವೆ ಮೂರನೆಯ ದಾರಿಯೊಂದುಂಟು. ಯಂತ್ರವನ್ನು ಸಂಜೆ ಕ್ರಮವಾಗಿ ಆರಿಸಿ, ನಾಳೆ ಬೆಳಗ್ಗೆ ಇಷ್ಟು ಗಂಟೆಗೆ ಏಳಬೇಕೆಂದು ಅದಕ್ಕೆ ಮೊದಲೇ ಗೊತ್ತುಮಾಡಿಟ್ಟರೆ, ಯಾರೂ ಗುಂಡಿಯೊತ್ತದೆ ಅದು ಆ ಹೊತ್ತಿಗೆ ತಾನಾಗಿಯೇ ಏಳುತ್ತದೆ. ಇದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಮೇಜಿನ ಮೇಲಿನ ಬಹುಮಟ್ಟಿನ ಎಲ್ಲ ಯಂತ್ರಗಳಲ್ಲಿಯೂ ಕೊಂಡ ದಿನದಿಂದಲೇ ಇರುವುದು, ಬೇರೆ ಖರ್ಚಿಲ್ಲ. ಈ ಏರ್ಪಾಡನ್ನು ನಮ್ಮ ವಿದ್ಯಾಸಂಸ್ಥೆಗಳು ವಾಡಿಕೆಯಾಗಿ ಬಳಸತಕ್ಕದ್ದೆಂಬುದು ನನ್ನ ವಾದ. ಅದು ಹೇಗೆ ನಡೆಯುವುದೆಂಬುದನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಅರಿತಿರಬೇಕೆಂಬುದು ಅದಕ್ಕಿಂತಲೂ ಬಲವಾದ ವಾದ.

ಈ ಮಾತನ್ನು ಕೇಳಿದವರಿಗೆ ಒಂದು ಸಂದೇಹ ಹುಟ್ಟಬೇಕು. ಆರಿರುವ ಯಂತ್ರಕ್ಕೆ ಹೊತ್ತಾಯಿತೆಂದು ತಿಳಿಯುವುದು ಹೇಗೆ? ನಿದ್ರಿಸುವವನು ಗಡಿಯಾರವನ್ನು ನೋಡಲಾರ. ಹಿಂದಿನ ಕಾಲದಲ್ಲಿ ಗಳಿಗೆಬಟ್ಟಲಿನಿಂದ ಹೊತ್ತನ್ನು ಅಳೆಯುತ್ತಿದ್ದರಷ್ಟೆ. ತಳದಲ್ಲಿ ಸಣ್ಣ ರಂಧ್ರವಿರುವ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಗಳಿಗೆ, ಎಂದರೆ 24 ನಿಮಿಷ, ಕಳೆಯುತ್ತಿತ್ತು. ಆದರೆ ಬಟ್ಟಲು ಮುಳುಗಿತೆಂದು ಸಾರುವುದಕ್ಕೂ, ಅದನ್ನು ಬರಿದುಮಾಡಿ ಮತ್ತೆ ತೇಲಬಿಡುವುದಕ್ಕೂ ಒಬ್ಬನು ಎಚ್ಚರವಾಗಿ ಕುಳಿತಿರಲೇಬೇಕಾಗಿತ್ತು. ಗಣಕಯಂತ್ರದಲ್ಲಿಯೂ ನಡೆಯುವುದು ಇದೇ. ಇಡೀ ಯಂತ್ರ ಮಲಗಿರುವಾಗ ಅದರ ಒಂದು ಮೂಲೆಯಲ್ಲಿ ಒಬ್ಬ ಕಾವಲುಗಾರನು ಎಚ್ಚರವಾಗಿದ್ದು ಸೆಕೆಂಡುಗಳನ್ನು ಎಣಿಸುತ್ತಿರುತ್ತಾನೆ. ಯಂತ್ರದ ಭಾಗಗಳನ್ನು ಹೆಸರಿಸಿರೆಂದರೆ ಸಂಸ್ಕಾರಕ, ಸ್ಮೃತಿ, ಕೀಲಿಮಣೆ, ತೆರೆ ಎಂದು ವಿದ್ಯಾರ್ಥಿಗಳು ಪಟಪಟನೆ ಹೇಳುತ್ತಾರೆ. ಈ ಗಡಿಯಾರದ ಹೆಸರನ್ನು ಹೇಳಿದವರನ್ನು ನಾನು ಅಪರೂಪವಾಗಿ ಕಂಡಿದ್ದೇನೆ.

ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದನ್ನು ಆರ್‌ಟಿಸಿ ಎಂದು ಕರೆಯುತ್ತಾರೆ. ನೈಜಕಾಲದ ಗಡಿಯಾರವೆಂದು ಅರ್ಥ. ಅದರ ಜೀವಾಳ ಬೆಣಚುಕಲ್ಲಿನ ಒಂದು ಚೂರು. ಬೆಣಚುಕಲ್ಲಿನ ಸ್ಫಟಿಕವನ್ನು ತಕ್ಕ ದಿಕ್ಕಿನಲ್ಲಿ ಅದುಮಿದರೆ ಅದರ ಮುಖಗಳ ಮೇಲೆ ವಿದ್ಯುದಾವೇಶ ಕಾಣಿಸಿಕೊಳ್ಳುವುದೆಂದು ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲಿ ಕಂಡುಹಿಡಿದರು. ಇದರ ವಿಲೋಮವೂ ನಿಜವೆಂದು, ಎಂದರೆ ವೋಲ್ಟೇಜನ್ನು ಹಚ್ಚಿದರೆ ಸ್ಫಟಿಕವು ಅತ್ಯಲ್ಪವಾಗಿ ಹಿಗ್ಗಿ ಕುಗ್ಗುವುದೆಂದು, ಮರುವರ್ಷವೇ ಸ್ಥಿರಪಟ್ಟಿತು. ಹೀಗೆ ಹಿಗ್ಗಿ ಕುಗ್ಗುವ ಚೂರಿಗೆ ಅದರದೇ ಆದ ಒಂದು ಸಹಜ ಆವೃತ್ತಿ ಇರುತ್ತದೆ, ಗಂಟೆಗೆ ಅದರದೇ ಆದ ನಾದವಿರುವಂತೆ. ಆ ಆವೃತ್ತಿಯು ಲೋಲಕದ ತೂಗಾಟಕ್ಕಿಂತ ಎಷ್ಟೋ ಪಾಲು ಸ್ಥಿರವಾದುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾರನ್ ಮ್ಯಾರಿಸನ್ 1927ರಲ್ಲಿ ಈ ಗುಣವನ್ನು ಬಳಸಿ ಗಡಿಯಾರವನ್ನು ರಚಿಸಿದನು. ಆಗಿನ ಗಡಿಯಾರಕ್ಕೆ ಬೀರುವಿನಷ್ಟು ಸ್ಥಳ ಬೇಕಾಗಿತ್ತು. 1969ರಲ್ಲಿ ಜಪಾನಿನ ಸೀಕೋ ಕಂಪನಿಯು ಅದನ್ನು ಕೈಗಡಿಯಾರದೊಳಕ್ಕೆ ಇಳಿಸಿತು.

ಗಣಕಯಂತ್ರದ ಸ್ಫಟಿಕವನ್ನು ಶ್ರುತಿಕವೆಯ ಆಕಾರದಲ್ಲಿ ಕೊರೆದಿರುತ್ತಾರೆ. ಪ್ರಯೋಗಶಾಲೆಯಲ್ಲಿ ಅನುರಣನದ ಪ್ರಯೋಗಕ್ಕೆ ನೀವು ಬಳಸುವ ಉಕ್ಕಿನ ಶ್ರುತಿಕವೆಯೇ ಕೆಲವು ಮಿಲಿಮೀಟರಿಗೆ ಕುಗ್ಗಿದೆಯೆಂದು ಊಹಿಸಿಕೊಳ್ಳಿ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಇದೇನು ವಿಚಿತ್ರವಾದ ಸಂಖ್ಯೆ ಎಂದು ಕೇಳುವಿರಾದರೆ, ಅದನ್ನು ಎರಡರಿಂದ ಭಾಗಿಸುತ್ತಾ ಹೋಗಿ ನೋಡಿ. ಹದಿನೈದು ಸಲ ಭಾಗಿಸಿದ ಮೇಲೆ ಉಳಿಯುವುದು ಸರಿಯಾಗಿ ಒಂದು. ಎರಡರಿಂದ ಭಾಗಿಸುವುದು ವಿದ್ಯುನ್ಮಾನ ಮಂಡಲಗಳಿಗೆ ಅತಿ ಸುಲಭವಾದ ಕೆಲಸ. ಅಂಥ ಹದಿನೈದು ಮಂಡಲಗಳನ್ನು ಸಾಲಾಗಿ ಜೋಡಿಸಿದರೆ ಕಡೆಯದರಿಂದ ಸೆಕೆಂಡಿಗೆ ಒಂದರಂತೆ ಮಿಡಿತ ಹೊರಡುತ್ತದೆ. ಸಂಖ್ಯೆಯ ಆಯ್ಕೆಗೆ ಇನ್ನೂ ಒಂದು ಅನುಕೂಲವುಂಟು. ಮನುಷ್ಯನ ಕಿವಿ ಸುಮಾರು 20,000 ಕಂಪನಗಳಿಗಿಂತ ಮೇಲಿನದನ್ನು ಕೇಳಲಾರದು. ಆದುದರಿಂದ ಈ ಕವೆ ಎಷ್ಟು ಹಾಡಿದರೂ ನಮಗೆ ಉಪದ್ರವವಿಲ್ಲ. ಆವೃತ್ತಿಯನ್ನು ಇನ್ನೂ ಹೆಚ್ಚಿಸಿದರೆ ಗಡಿಯಾರ ಕುಡಿಯುವ ವಿದ್ಯುತ್ತೂ ಹೆಚ್ಚುವುದು.

ಅದು ಈಗ ಕುಡಿಯುವುದು ಎಷ್ಟು? ಕೆಲವೇ ಮೈಕ್ರೋಆಂಪಿಯರು. ಯಂತ್ರದ ಪೆಟ್ಟಿಗೆಯನ್ನು ತೆರೆದರೆ ಮದರ್‌ಬೋರ್ಡಿನ ಮೇಲೆ ನಾಣ್ಯದಂತಿರುವ ಒಂದು ಬೆಳ್ಳಗಿನ ಬಿಲ್ಲೆ ಕಾಣುವುದು. ಅದು ಲಿಥಿಯಂ ಕೋಶ; 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ. ಅದರ ಮೈಮೇಲೆ ಕೆತ್ತಿರುವ 2032 ಎಂಬ ಸಂಖ್ಯೆ ಈ ಅಳತೆಗಳೇ. ಅದರ ವೋಲ್ಟೇಜು 3. ಧಾರಣೆ ಸುಮಾರು 220 ಮಿಲಿಆಂಪಿಯರ್-ಗಂಟೆ. ಗಡಿಯಾರವು 5 ಮೈಕ್ರೋಆಂಪಿಯರ್ ಎಳೆಯುವುದೆಂದಿಟ್ಟುಕೊಂಡು ಭಾಗಿಸಿ ನೋಡಿ: 44,000 ಗಂಟೆ, ಎಂದರೆ ಐದು ವರ್ಷ. ಗೋಡೆಯ ಸ್ವಿಚ್ಚು ಹಾಕಿಯೇ ಇರುವಾಗ ಗಡಿಯಾರಕ್ಕೆ ಬೇಕಾದ ಈ ಅಲ್ಪ ವಿದ್ಯುತ್ತು ಅಲ್ಲಿಂದಲೇ ಬರುವುದರಿಂದ ಕೋಶಕ್ಕೆ ವಿಶ್ರಾಂತಿ. ಪ್ರತಿ ಸಂಜೆಯೂ ಮುಖ್ಯ ಸ್ವಿಚ್ಚನ್ನು ಎಳೆದುಬಿಡುವ ಕಡೆ ಮಾತ್ರ ಅದು ದಿನದ ಮುಕ್ಕಾಲು ಪಾಲು ದುಡಿಯುತ್ತದೆ, ಬೇಗ ಸೊರಗುತ್ತದೆ. ಕೋಶ ಸತ್ತ ಯಂತ್ರವು ಹೊತ್ತಿಸಿದಾಗಲೆಲ್ಲ ಎಷ್ಟೋ ವರ್ಷ ಹಿಂದಿನ ತಾರೀಖನ್ನು ತೋರಿಸುವುದು ಹಲವರ ಅನುಭವದಲ್ಲಿರಬಹುದು. ಅಂಥ ಯಂತ್ರದಲ್ಲಿ ಬ್ಯಾಂಕಿನ ಜಾಲತಾಣ ತೆರೆಯದೆ ಹೋದರೆ ಆಶ್ಚರ್ಯವಿಲ್ಲ; ತಾರೀಖು ತಪ್ಪಿದರೆ ತಾಣದ ಭದ್ರತಾ ಪ್ರಮಾಣಪತ್ರವೂ ಅದಕ್ಕೆ ಸುಳ್ಳಾಗಿ ಕಾಣುತ್ತದೆ. ಸಾವಿರಾರು ರೂಪಾಯಿಯ ರಿಪೇರಿಗೆ ಕಳುಹಿಸುವ ಮೊದಲು ಈ ಬಿಲ್ಲೆಯನ್ನು ಬದಲಾಯಿಸಿ ನೋಡುವುದು ಒಳ್ಳೆಯದು.

ಗಡಿಯಾರವಾಯಿತು, ಅಲಾರಂ ಆಗುವುದು ಹೇಗೆ? ಚಿಪ್ಪಿನೊಳಗೆ ಕೆಲವು ಮನೆಗಳಲ್ಲಿ ಈಗಿನ ಗಂಟೆ, ನಿಮಿಷ, ಸೆಕೆಂಡುಗಳು ಬರೆದಿರುತ್ತವೆ. ಪಕ್ಕದ ಮನೆಗಳಲ್ಲಿ ನಾವು ಗೊತ್ತುಮಾಡಿದ ಗಂಟೆ, ನಿಮಿಷ, ಸೆಕೆಂಡುಗಳು. ಪ್ರತಿ ಸೆಕೆಂಡಿಗೊಮ್ಮೆ ಎರಡನ್ನೂ ಹೋಲಿಸುವುದಷ್ಟೇ ಕೆಲಸ. ಎರಡೂ ಒಂದಾದ ಕ್ಷಣದಲ್ಲಿ ಒಂದು ತಂತಿಯ ಮೇಲೆ ಸೂಚನೆ ಹೊರಡುತ್ತದೆ. ಇದರಲ್ಲಿ ಬುದ್ಧಿಯೆಂಬುದೇನೂ ಇಲ್ಲ.

ಸ್ವಾರಸ್ಯವಿರುವುದು ಆ ಸೂಚನೆಯನ್ನು ಕೇಳುವ ಕೈ ಯಾವುದೆಂಬುದರಲ್ಲಿ. ಐಬಿಎಂ ಕಂಪನಿಯು 1981ರಲ್ಲಿ ಹೊರತಂದ ಮೊದಲ ಪರ್ಸನಲ್ ಕಂಪ್ಯೂಟರಿನಲ್ಲಿ ಇಂಥ ಗಡಿಯಾರವೇ ಇರಲಿಲ್ಲ. ಹೊತ್ತಿಸಿದಾಗಲೆಲ್ಲ ಯಂತ್ರವು ಇಂದು ಯಾವ ತಾರೀಖು, ಗಂಟೆ ಎಷ್ಟು ಎಂದು ಕೇಳುತ್ತಿತ್ತು. 1984ರ ಎಟಿ ಮಾದರಿಯಲ್ಲಿ ಮೋಟರೋಲಾ ಕಂಪನಿಯ ಗಡಿಯಾರದ ಚಿಪ್ಪು ಬಂದಿತು. ಅದರೊಂದಿಗೆ ಬ್ಯಾಟರಿಯೂ ಬಂದಿತು, ಅಲಾರಂ ಕೂಡ ಬಂದಿತು. ಆದರೆ ಆ ಯಂತ್ರವನ್ನು ಹೊತ್ತಿಸಲು ಇದ್ದುದು ಪಕ್ಕದಲ್ಲಿದ್ದ ಒಂದು ದಪ್ಪನೆಯ ಕೆಂಪು ಸ್ವಿಚ್ಚು. ವಿದ್ಯುನ್ಮಂಡಲವನ್ನು ನಿಜವಾಗಿಯೇ ಕಡಿದು ಕೂಡಿಸುವ, ಟಕ್ಕೆಂದು ಸದ್ದು ಮಾಡುವ ಲೋಹದ ಸ್ವಿಚ್ಚು. ಗಡಿಯಾರಕ್ಕೆ ಹೊತ್ತಾದುದು ತಿಳಿಯುತ್ತಿತ್ತು. ಸ್ವಿಚ್ಚನ್ನು ಒತ್ತಲು ಬೆರಳಿರಲಿಲ್ಲ. ಬೇರೆ ಕೆಲವು ಕಂಪನಿಗಳು ಇದಕ್ಕೆ ಮೊದಲೇ ಪರಿಹಾರ ಕಂಡುಕೊಂಡಿದ್ದರೂ, ಸಾಮಾನ್ಯರ ಮೇಜಿನ ಯಂತ್ರಗಳಿಗೆ ಅದು ದೊರೆತದ್ದು 1995ರಲ್ಲಿ ಇಂಟೆಲ್ ಕಂಪನಿಯು ಎಟಿಎಕ್ಸ್ ಎಂಬ ಹೊಸ ರಚನಾಕ್ರಮವನ್ನು ಪ್ರಕಟಿಸಿದ ಮೇಲೆ.

ಈ ಕ್ರಮದಲ್ಲಿ ಯಂತ್ರದ ಮುಂದಿರುವ ಗುಂಡಿಯು ವಿದ್ಯುತ್ತನ್ನು ಕಡಿಯುವುದೂ ಇಲ್ಲ, ಕೂಡಿಸುವುದೂ ಇಲ್ಲ. ಅದು ಬರಿಯ ಬಿನ್ನಹ. ಗೋಡೆಯಿಂದ ವಿದ್ಯುತ್ತು ಬರುತ್ತಿರುವವರೆಗೂ, ಯಂತ್ರ ಆರಿದ್ದಾಗಲೂ, ವಿದ್ಯುತ್ ಪೂರೈಕೆಯ ಪೆಟ್ಟಿಗೆಯಿಂದ ನೇರಳೆ ಬಣ್ಣದ ಒಂದು ತಂತಿಯಲ್ಲಿ 5 ವೋಲ್ಟ್ ಸದಾ ಹರಿಯಲು ಸಿದ್ಧವಾಗಿರುತ್ತದೆ. ಅದರ ಬಲದಿಂದ ಮದರ್‌ಬೋರ್ಡಿನ ಒಂದು ಪುಟ್ಟ ಭಾಗವು ಎಚ್ಚರವಾಗಿರುತ್ತದೆ. ಗುಂಡಿಯ ಬಿನ್ನಹ ಬಂದರೆ ಆ ಭಾಗವು ಹಸುರು ತಂತಿಯೊಂದನ್ನು ಶೂನ್ಯ ವೋಲ್ಟಿಗೆ ಇಳಿಸುತ್ತದೆ. ಕೂಡಲೇ ಪೂರೈಕೆಯ ಪೆಟ್ಟಿಗೆ ಉಳಿದೆಲ್ಲ ತಂತಿಗಳಿಗೂ ವಿದ್ಯುತ್ತನ್ನು ಹರಿಸುತ್ತದೆ. ಬಿನ್ನಹವು ಮನುಷ್ಯನ ಬೆರಳಿನಿಂದ ಬಂದಿತೋ ಗಡಿಯಾರದಿಂದ ಬಂದಿತೋ ಎಂಬ ಭೇದ ಅದಕ್ಕಿಲ್ಲ. ಹನ್ನೊಂದು ವರ್ಷ ಬೆರಳಿಲ್ಲದೆ ಕುಳಿತಿದ್ದ ಅಲಾರಂಗೆ ಬೆರಳು ಬಂದದ್ದು ಹೀಗೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ನಾವು ಆರಿಸಿದೆವೆಂದು ತಿಳಿದಿರುವ ಯಂತ್ರವು ಪೂರ್ಣವಾಗಿ ಆರಿರುವುದಿಲ್ಲ. ಒಂದೆರಡು ವಾಟಿನಷ್ಟು ವಿದ್ಯುತ್ತನ್ನು ಬಳಸುತ್ತಲೇ ಇರುತ್ತದೆ. ಎರಡನೆಯದಾಗಿ, ಗೋಡೆಯ ಸ್ವಿಚ್ಚನ್ನು ಆರಿಸಿದರೆ ಈ ಏರ್ಪಾಡು ಸತ್ತಂತೆಯೇ. ಬಿಲ್ಲೆಯಂಥ ಕೋಶವು ಗಡಿಯಾರವನ್ನು ನಡೆಸೀತೇ ಹೊರತು ಯಂತ್ರವನ್ನು ಎಬ್ಬಿಸಲಾರದು. ಗೊತ್ತಾದ ಹೊತ್ತು ಬಂದು ಹೋಗುತ್ತದೆ. ಹೊತ್ತು ಮೀರಿದ ಮೇಲೆ ಯಾರಾದರೂ ಸ್ವಿಚ್ಚು ಹಾಕಿದರೂ ತಪ್ಪಿದ ಅಲಾರಂ ಮತ್ತೆ ಮೊಳಗುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಮೂವತ್ತು ಯಂತ್ರಗಳ ಒಂದು ಕೋಣೆ. ಸುಮ್ಮನೆ ಹೊತ್ತಿಕೊಂಡಿರುವಾಗ ಒಂದೊಂದೂ 50 ವಾಟ್ ಬಳಸುವುದೆಂದಿಟ್ಟುಕೊಳ್ಳೋಣ. ತೆರೆಗಳ ಲೆಕ್ಕ ಬೇಡ. ಒಟ್ಟು 1,500 ವಾಟ್. ಸ್ನಾನದ ನೀರು ಕಾಯಿಸುವ ವಿದ್ಯುತ್ ಕಾಯಿಲ್ ಬಳಸುವಷ್ಟು. ದಿನಕ್ಕೆ ಆರು ಗಂಟೆ ಕೆಲಸ, ವರ್ಷಕ್ಕೆ 250 ಕೆಲಸದ ದಿನಗಳು ಎಂದರೆ, ಉಳಿದ ಹದಿನೆಂಟು ಗಂಟೆಗಳಲ್ಲಿ ದಿನಕ್ಕೆ 27 ಯೂನಿಟ್, ವರ್ಷಕ್ಕೆ 6,750. ರಜೆಯ 115 ದಿನಗಳಲ್ಲಿ ಇಪ್ಪತ್ತನಾಲ್ಕು ಗಂಟೆಯೂ ನಡೆದರೆ ಇನ್ನೂ 4,140. ಒಟ್ಟು 10,890 ಯೂನಿಟ್. ತಿಂಗಳಿಗೆ ನೂರು ಯೂನಿಟ್ ಬಳಸುವ ಸಂಸಾರಗಳು ಒಂಬತ್ತಕ್ಕೆ ವರ್ಷವಿಡೀ ಸಾಲುವಷ್ಟಾಯಿತು. ಶಕ್ತಿಸಂರಕ್ಷಣೆಯ ನಿಯಮವನ್ನು ಓದಿರುವ ನಿಮಗೆ ಇದು ಎಲ್ಲಿ ಹೋಗುವುದೆಂದು ಹೇಳಬೇಕಾಗಿಲ್ಲ: ಕೊನೆಯ ಜೂಲಿನವರೆಗೂ ಶಾಖವಾಗಿ ಆ ಕೋಣೆಯ ಗಾಳಿಗೆ ಸೇರುತ್ತದೆ. ಕಾಯಿಲನ್ನು ನೀರಿಲ್ಲದೆ ಖಾಲಿ ಕೋಣೆಯಲ್ಲಿ ರಾತ್ರಿಯಿಡೀ ಹಾಕಿಡುವವರನ್ನು ನಾವು ಹುಚ್ಚರೆನ್ನುತ್ತೇವೆ. ಕೋಣೆಗೆ ಹವಾನಿಯಂತ್ರಣವಿದ್ದು ಅದೂ ನಡೆಯುತ್ತಿದ್ದರೆ, ಆ ಶಾಖವನ್ನು ಹೊರಹಾಕಲು ಮತ್ತಷ್ಟು ವಿದ್ಯುತ್ತು.

ಇವೇ ಯಂತ್ರಗಳನ್ನು ಆರಿಸಿ, ಅಲಾರಂಗಾಗಿ ಗೋಡೆಯ ಸ್ವಿಚ್ಚನ್ನು ಮಾತ್ರ ಹಾಗೆಯೇ ಬಿಟ್ಟರೆ? ಒಂದಕ್ಕೆ ಒಂದೂವರೆ ವಾಟಿನಂತೆ ವರ್ಷಕ್ಕೆ ಸುಮಾರು 330 ಯೂನಿಟ್, ದಿನಕ್ಕೆ ಒಂದು ಯೂನಿಟ್ಟಿಗಿಂತ ಕಡಿಮೆ. ಮುಖ್ಯ ಸ್ವಿಚ್ಚನ್ನು ಎಳೆಯುವವರು ಉಳಿಸುವುದು ಈ ಒಂದು ಯೂನಿಟ್ಟನ್ನು. ಅದಕ್ಕಾಗಿ ಅವರು ತೆರುವುದು ಪ್ರತಿದಿನವೂ ಮೂವತ್ತು ವಿದ್ಯಾರ್ಥಿಗಳ ಕಾಲುಗಂಟೆ. ಈ ವ್ಯಾಪಾರ ನನಗೆ ಲಾಭದ್ದಾಗಿ ಕಾಣುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಪದೇ ಪದೇ ಆರಿಸಿ ಹೊತ್ತಿಸಿದರೆ ಯಂತ್ರ ಕೆಡುತ್ತದೆಂಬುದು ಮೊದಲನೆಯದು. ಬಿಸಿಯಾಗಿ ತಣಿಯುವ ಲೋಹದ ಬೆಸುಗೆಗಳು ಹಿಗ್ಗಿ ಕುಗ್ಗಿ ದಣಿಯುತ್ತವೆಂಬುದು ಸುಳ್ಳಲ್ಲ. ಆದರೆ ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ 250 ಸಲವಾಯಿತು. ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕುಗಳೂ ಹಲವು ಹತ್ತು ಸಾವಿರ ಸಲ ನಿಂತು ಹೊರಡುವಂತೆ ರಚಿತವಾದವು. ಈಚಿನ ಯಂತ್ರಗಳಲ್ಲಿ ಅನೇಕಕ್ಕೆ ತಿರುಗುವ ತಟ್ಟೆಯೇ ಇಲ್ಲ. ಅದಕ್ಕೆ ಬದಲಾಗಿ, ಹಗಲು ರಾತ್ರಿ ತಿರುಗುವ ಗಾಳಿಪಂಖ ಒಳಕ್ಕೆ ಎಳೆಯುವ ಧೂಳಿನಿಂದಾಗುವ ಕೇಡನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇಸಗೆಯಲ್ಲಿ ಕೆಮ್ಮಣ್ಣಿನ ಆಟದ ಮೈದಾನದ ಪಕ್ಕದಲ್ಲಿರುವ ಒಂದು ಯಂತ್ರವನ್ನು ಬಿಚ್ಚಿ ನೋಡಿದರೆ ಈ ಮಾತು ಅರ್ಥವಾದೀತು. ರಾತ್ರಿಯ ಹೊತ್ತು ಯಂತ್ರಗಳು ತಂತ್ರಾಂಶವನ್ನು ನವೀಕರಿಸಿಕೊಳ್ಳಬೇಕಲ್ಲ ಎಂಬುದು ಎರಡನೆಯ ಆಕ್ಷೇಪ. ಅದಕ್ಕೆ ಎಂಟು ಗಂಟೆಗೆ ಎಬ್ಬಿಸಿದರೆ ಒಂಬತ್ತರೊಳಗೆ ಆ ಕೆಲಸವೂ ಮುಗಿಯುತ್ತದೆ.

ಯಂತ್ರದ ಅಲಾರಂ ನಂಬತಕ್ಕದ್ದೇ ಎಂಬ ಮೂರನೆಯ ಆಕ್ಷೇಪವುಂಟು. ಇದಕ್ಕೆ ಉತ್ತರವನ್ನು ಆಕಾಶದಿಂದ ತರುತ್ತೇನೆ. ಚುರ್ಯುಮೊವ್-ಗೆರಾಸಿಮೆಂಕೊ ಧೂಮಕೇತುವನ್ನು ಕಾಣಲೆಂದು ಯೂರೋಪಿನ ಬಾಹ್ಯಾಕಾಶ ಸಂಸ್ಥೆಯು 2004ರಲ್ಲಿ ರೊಸೆಟ್ಟಾ ಎಂಬ ನೌಕೆಯನ್ನು ಹಾರಿಸಿತು. ಅದರ ದಾರಿ ಗುರುಗ್ರಹದ ಕಕ್ಷೆಯ ಸಮೀಪದವರೆಗೂ ಹೋಗುತ್ತಿತ್ತು; ಅಷ್ಟು ದೂರದಲ್ಲಿ ಸೂರ್ಯನ ಬೆಳಕು ಕ್ಷೀಣವಾಗಿ ಸೌರಫಲಕಗಳಿಂದ ಎಲ್ಲ ಉಪಕರಣಗಳಿಗೂ ಸಾಲುವಷ್ಟು ವಿದ್ಯುತ್ತು ಹುಟ್ಟದು. ಆದುದರಿಂದ 2011ರ ಜೂನ್ 8ರಂದು ಗಣಕ ಮತ್ತು ಕೆಲವು ಶಾಖಕಗಳ ಹೊರತು ಉಳಿದುದನ್ನೆಲ್ಲ ಆರಿಸಿ, 957 ದಿನಗಳ ಅನಂತರದ ಒಂದು ಗಂಟೆಗೆ ಅಲಾರಂ ಇಟ್ಟು ಮಲಗಿಸಿದರು. ಅಷ್ಟು ದಿನವೂ ನೌಕೆಯಿಂದ ಭೂಮಿಗೆ ಒಂದು ಮಾತೂ ಇಲ್ಲ. 2014ರ ಜನವರಿ 20, ನಮ್ಮ ಕಾಲಮಾನದಲ್ಲಿ ಮಧ್ಯಾಹ್ನ ಮೂರೂವರೆ ಗಂಟೆಗೆ ಅಲಾರಂ ಮೊಳಗಬೇಕು. ನೌಕೆ ಎದ್ದು, ನಕ್ಷತ್ರಗಳನ್ನು ಗುರುತಿಸುವ ಉಪಕರಣವನ್ನು ಬೆಚ್ಚಗೆ ಮಾಡಿಕೊಂಡು, ತನ್ನ ಸುತ್ತಾಟವನ್ನು ನಿಲ್ಲಿಸಿ, ಭೂಮಿ ಎಲ್ಲಿದೆಯೆಂದು ಹುಡುಕಿ, ಆಮೇಲೆ ಕೂಗಬೇಕು. ಆ ಕೂಗು 80 ಕೋಟಿ ಕಿಲೋಮೀಟರು ದಾಟಿ ಬರಲು ಮುಕ್ಕಾಲು ಗಂಟೆ. ರಾತ್ರಿ 11 ಗಂಟೆ 48 ನಿಮಿಷಕ್ಕೆ ಕೂಗು ಕೇಳಿಸಿತು. ಏಳದೆ ಹೋಗಿದ್ದರೆ ಹೋಗಿ ಗುಂಡಿಯೊತ್ತುವವರು ಯಾರೂ ಇರಲಿಲ್ಲ. ನಮ್ಮ ಪ್ರಯೋಗಶಾಲೆಯ ಯಂತ್ರ ಏಳದಿದ್ದರೆ ನಾಲ್ಕು ಹೆಜ್ಜೆ ನಡೆದರಾಯಿತು.

ಎಲ್ಲ ನೌಕೆಗಳೂ ಗಡಿಯಾರದಿಂದಲೇ ಏಳುವುದಿಲ್ಲ. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವಪ್ರದೇಶದ ಸಮೀಪ ಇಳಿದ ನಮ್ಮ ವಿಕ್ರಮ್ ಮತ್ತು ಪ್ರಜ್ಞಾನ್‌ಗಳನ್ನು ಸೆಪ್ಟೆಂಬರ್ ಮೊದಲ ವಾರದಲ್ಲಿ ಮಲಗಿಸಿದುದು ವಾಚಕರ ನೆನಪಿನಲ್ಲಿರಬಹುದು. ಅವುಗಳ ರಚನೆಯಾದದ್ದು ಒಂದು ಚಾಂದ್ರ ಹಗಲಿಗೆ, ಎಂದರೆ ನಮ್ಮ ಹದಿನಾಲ್ಕು ದಿನಗಳಿಗೆ. ಆದರೂ ಸೆಪ್ಟೆಂಬರ್ 22ರ ವೇಳೆಗೆ ಅಲ್ಲಿ ಮತ್ತೆ ಸೂರ್ಯೋದಯವಾದಾಗ, ಫಲಕಗಳ ಮೇಲೆ ಬೆಳಕು ಬಿದ್ದು ವಿದ್ಯುತ್ತು ಹುಟ್ಟಿ ಅವು ಏಳಬಹುದೆಂಬ ಆಸೆಯಿಂದ ಕರೆ ಕಳುಹಿಸಿದರು. ಚಾಂದ್ರ ರಾತ್ರಿಯ ಘೋರ ಚಳಿಯನ್ನು ಕಳೆದ ಮೇಲೆ ಉತ್ತರ ಬರಲಿಲ್ಲ. ಇಲ್ಲಿ ನಂಬಿದ್ದು ಗಡಿಯಾರವನ್ನಲ್ಲ, ವಿದ್ಯುತ್ತಿನ ಮರಳುವಿಕೆಯನ್ನು.

ಈ ಎರಡನೆಯ ಬಗೆಯ ಏಳುವಿಕೆಯೂ ನಮ್ಮ ಮೇಜಿನ ಯಂತ್ರದಲ್ಲಿ ಇರುವುದು. ಹೋದ ಕರೆಂಟು ಮರಳಿ ಬಂದಾಗ ತಾನಾಗಿ ಹೊತ್ತಿಕೊಳ್ಳುವಂತೆ ಅದನ್ನು ಗೊತ್ತುಮಾಡಬಹುದು. ಬೆಳಗ್ಗೆ ಮುಖ್ಯ ಸ್ವಿಚ್ಚು ಹಾಕಿದರೆ ಮೂವತ್ತೂ ಒಟ್ಟಿಗೆ ಏಳುವುದಲ್ಲ, ಅಲಾರಂ ಏತಕ್ಕೆ ಎಂದು ಕೇಳುವವರುಂಟು. ನಮ್ಮ ಹಳ್ಳಿಗಳ ಪಂಪ್‌ಸೆಟ್ಟುಗಳನ್ನು ನೋಡಿದವರು ಹೀಗೆ ಕೇಳಲಾರರು. ಮೂರು ಫೇಸಿನ ವಿದ್ಯುತ್ತು ಯಾವ ಅವೇಳೆಯಲ್ಲಿ ಬರುವುದೋ ಎಂದು ರೈತರು ಪಂಪಿಗೆ ಆಟೋ ಸ್ಟಾರ್ಟರ್ ಹಾಕಿ ಮನೆಗೆ ಹೋಗುತ್ತಾರೆ. ಅರ್ಧರಾತ್ರಿಯಲ್ಲಿ ಕರೆಂಟು ಬಂದ ಕ್ಷಣ ಆ ಲೈನಿನ ಪಂಪುಗಳೆಲ್ಲವೂ ಒಟ್ಟಿಗೆ ಹೊರಡುತ್ತವೆ, ಹೊರಡುವ ಮೋಟಾರು ಎಳೆಯುವ ಪ್ರವಾಹ ಓಡುತ್ತಿರುವ ಮೋಟಾರಿನದಕ್ಕಿಂತ ಹಲವು ಪಾಲು ಹೆಚ್ಚು, ಟ್ರಾನ್ಸ್‌ಫಾರ್ಮರು ತಾಳಬೇಕು. ಗದ್ದೆ ತುಂಬಿ ನೀರು ಹಳ್ಳಕ್ಕೆ ಹರಿಯುತ್ತಿದ್ದರೂ ನೋಡುವವರಿಲ್ಲ. ರೈತನನ್ನು ನಾನು ದೂರುವುದಿಲ್ಲ. ಹೊತ್ತು ಗೊತ್ತಿಲ್ಲದ ವಿದ್ಯುತ್ತಿಗೆ ಅವನು ಬೇರೇನು ಮಾಡಿಯಾನು? ಆದರೆ ಕಾಲೇಜಿಗೆ ವೇಳಾಪಟ್ಟಿ ಇದೆ. ಕರೆಂಟು ಹತ್ತು ಸಲ ಹೋಗಿ ಬರುವ ಮಳೆಗಾಲದ ರಾತ್ರಿಯಲ್ಲಿ ಹತ್ತು ಸಲವೂ ಹೊತ್ತಿಕೊಂಡು ಹತ್ತು ಸಲವೂ ಅರ್ಧಕ್ಕೆ ಆರುವ ಯಂತ್ರಕ್ಕಿಂತ, ಹೊತ್ತಿಗೆ ಒಮ್ಮೆ ಏಳುವ ಯಂತ್ರವೇ ಬಾಳುವುದು ಹೆಚ್ಚು. ಜನರಿಲ್ಲದೆ ನಡೆಯುವ ಹವಾಮಾನ ಕೇಂದ್ರದಂಥ ಕಡೆ ಮಾತ್ರ ವಿದ್ಯುತ್ತು ಬಂದಾಗ ಏಳುವ ಕ್ರಮವನ್ನು ನಾನು ಒಪ್ಪುತ್ತೇನೆ.

ಗೊತ್ತುಮಾಡುವ ವಿಧಾನವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೊತ್ತಿಸಿದ ಕೂಡಲೇ ಡಿಲೀಟ್ ಅಥವಾ ಎಫ್ 2 ಕೀಲಿಯನ್ನು ಒತ್ತಿದರೆ ಅನೇಕ ಯಂತ್ರಗಳಲ್ಲಿ ಬಯೋಸ್ ಎಂಬ ಮೂಲ ಏರ್ಪಾಡಿನ ಪುಟ ತೆರೆಯುವುದು. ಅಲ್ಲಿ ವಿದ್ಯುತ್ತಿಗೆ ಸಂಬಂಧಿಸಿದ ಭಾಗದಲ್ಲಿ ಆರ್‌ಟಿಸಿ ಅಲಾರಂ, ಪವರ್ ಆನ್ ಬೈ ಆರ್‌ಟಿಸಿ, ಆಟೋ ಆನ್ ಎಂಬಂಥ ಹೆಸರುಗಳನ್ನು ಹುಡುಕಬೇಕು. ಒಂದೊಂದು ಕಂಪನಿಗೂ ಒಂದೊಂದು ಹೆಸರು. ಕೆಲವು ಮದರ್‌ಬೋರ್ಡುಗಳಲ್ಲಿ ಇಆರ್‌ಪಿ ಎಂಬ ಉಳಿತಾಯದ ಏರ್ಪಾಡು ಚಾಲ್ತಿಯಲ್ಲಿದ್ದರೆ ಅಲಾರಂ ಕೆಲಸ ಮಾಡದು. ಯೂರೋಪಿನ ಒಕ್ಕೂಟವು ಆರಿರುವ ಯಂತ್ರಗಳ ಬಳಕೆಗೆ 2010ರಿಂದ 1 ವಾಟ್, 2013ರಿಂದ ಅರ್ಧ ವಾಟ್ ಎಂದು ಮಿತಿ ಹಾಕಿದುದರ ಫಲ ಅದು. ಮಿತಿಯೊಳಗೆ ಇರಲು ಯಂತ್ರವು ಕಾವಲುಗಾರನ ಸಂಬಳವನ್ನೇ ಕಡಿಯುತ್ತದೆ. ಲಿನಕ್ಸ್ ಬಳಸುವವರು ಬಯೋಸಿಗೆ ಹೋಗಬೇಕಾಗಿಲ್ಲ. ಆರ್‌ಟಿಸಿವೇಕ್ ಎಂಬ ಒಂದೇ ಆಜ್ಞೆಯಿಂದ ಅಲಾರಂ ಇಟ್ಟು ಯಂತ್ರವನ್ನು ಆರಿಸಬಹುದು. ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಮಲಗಿರುವ ಯಂತ್ರವನ್ನು ಎಬ್ಬಿಸೀತು, ಪೂರ್ಣವಾಗಿ ಆರಿಸಿದುದನ್ನು ಎಬ್ಬಿಸಲಾರದು. ಆಪಲ್ ಕಂಪನಿಯ ಯಂತ್ರಗಳಲ್ಲಿ ಈ ಸೌಕರ್ಯಕ್ಕೆ ಚಂದದ ಒಂದು ಕಿಟಕಿಯಿತ್ತು. 2022ರ ವೆಂಚುರಾ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿ, ಪಿಎಂಸೆಟ್ ಎಂಬ ಆಜ್ಞೆಯನ್ನು ಬಲ್ಲವರಿಗೆ ಮಾತ್ರ ಉಳಿಸಿದರು. ಯಂತ್ರದ ಒಡೆಯನಿಗೆ ಅದರ ಗಡಿಯಾರವನ್ನು ತಿರುಗಿಸುವ ಗುಂಡಿಯನ್ನೂ ಮರೆಮಾಡುವ ಈ ಪದ್ಧತಿ ನನಗೆ ಹಿಡಿಸದು.

ಒಂದು ತೊಡಕನ್ನು ವಿದ್ಯಾರ್ಥಿಗಳು ತಾವೇ ಬಿಡಿಸಲೆಂದು ಹೇಳುತ್ತೇನೆ. ಬೆಳಗ್ಗೆ 9 ಗಂಟೆಗೆಂದು ಬಯೋಸಿನಲ್ಲಿ ಗೊತ್ತುಮಾಡಿದ ಯಂತ್ರವು ಮಧ್ಯಾಹ್ನ ಎರಡೂವರೆಗೆ ಎದ್ದಿತೆಂದರೆ ಅದು ಕೆಟ್ಟಿಲ್ಲ. ಲಿನಕ್ಸ್ ಸಾಮಾನ್ಯವಾಗಿ ಈ ಗಡಿಯಾರವನ್ನು ಜಾಗತಿಕ ಪ್ರಮಾಣಕಾಲಕ್ಕೆ ಹೊಂದಿಸಿಡುತ್ತದೆ, ವಿಂಡೋಸ್ ಸ್ಥಳೀಯ ಕಾಲಕ್ಕೆ. ನಮ್ಮ ಕಾಲಮಾನವು ಐದೂವರೆ ಗಂಟೆ ಮುಂದಿರುವುದು ಭೂಗೋಳದ ಪುಸ್ತಕದಲ್ಲಿ ಮಾತ್ರವಲ್ಲ.

ತಾನಾಗಿ ಏಳುವ ಯಂತ್ರಕ್ಕೆ ತಾನಾಗಿ ಮಲಗುವುದನ್ನೂ ಕಲಿಸಬೇಕು. ಸಂಜೆ ಆರಕ್ಕೆ ಯಾರೂ ಬಳಸುತ್ತಿಲ್ಲದಿದ್ದರೆ ಆರುವಂತೆಯೂ ಗೊತ್ತುಮಾಡದೆ ಅಲಾರಂ ಮಾತ್ರ ಇಟ್ಟರೆ, ಹಠಾತ್ತಾಗಿ ರಜೆ ಸಾರಿದ ದಿನ ಅದು ಖಾಲಿ ಕೋಣೆಯಲ್ಲಿ ಎದ್ದು ಕುಳಿತಿರುತ್ತದೆ. ವಾರದ ದಿನಗಳನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಭಾನುವಾರವನ್ನು ಬಿಡಬೇಕು. ಮಡಿಸಿ ಚೀಲದಲ್ಲಿಡುವ ಲ್ಯಾಪ್‌ಟಾಪಿಗೆ ಅಲಾರಂ ಇಡಲೇಬಾರದು. ಅದಕ್ಕೆ ಸ್ವಂತ ಬ್ಯಾಟರಿ ಇರುವುದರಿಂದ ಚೀಲದೊಳಗೇ ಎದ್ದು, ಗಾಳಿಯಿಲ್ಲದೆ ಕಾಯುತ್ತದೆ. ಬೇಸಗೆಯ ದೀರ್ಘ ರಜೆಯಲ್ಲಿ ಮಾತ್ರ ನಾನು ಮುಖ್ಯ ಸ್ವಿಚ್ಚಿನವರ ಪಕ್ಷ. ಏಪ್ರಿಲ್ ಮೇ ತಿಂಗಳುಗಳ ಗುಡುಗುಮಳೆಯ ಸಿಡಿಲಿಗೆ ನಮ್ಮ ನೇರಳೆ ತಂತಿಯ 5 ವೋಲ್ಟಿನ ಮೇಲೆ ಯಾವ ಗೌರವವೂ ಇಲ್ಲ. ಆಗ ಸ್ವಿಚ್ಚು ಆರಿಸಿದರೆ ಸಾಲದು. ಪ್ಲಗ್ಗನ್ನೂ ಜಾಲದ ತಂತಿಯನ್ನೂ ಕೀಳಬೇಕು.

ಇದನ್ನೆಲ್ಲ ಓದಿ ಬಿಡುವುದಕ್ಕಿಂತ ಕೈಯಾರೆ ನೋಡುವುದು ಮೇಲು. ಬೆಣಚುಕಲ್ಲಿನ ಕವೆಯೂ ದೋಷರಹಿತವಲ್ಲ. ತಯಾರಾಗುವಾಗಲೇ ಹತ್ತು ಲಕ್ಷದಲ್ಲಿ 20 ಭಾಗದಷ್ಟು ತಪ್ಪು ಅದರಲ್ಲಿರಬಹುದು, ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಐವತ್ತು ಸೆಕೆಂಡುಗಳಾದವು. ಅದರ ಮೇಲೆ ಉಷ್ಣತೆಯ ಪ್ರಭಾವ. ಸುಮಾರು 25 ಡಿಗ್ರಿ ಸೆಲ್ಸಿಯಸಿನಲ್ಲಿ ಕವೆಯ ವೇಗ ಅತ್ಯಧಿಕ. ಅದಕ್ಕಿಂತ ಸೆಕೆ ಹೆಚ್ಚಿದರೂ ಚಳಿ ಹೆಚ್ಚಿದರೂ, ವ್ಯತ್ಯಾಸದ ವರ್ಗಕ್ಕೆ ಅನುಪಾತವಾಗಿ, ಗಡಿಯಾರ ನಿಧಾನವಾಗುವುದು. ನಡೆಯುತ್ತಿರುವ ಯಂತ್ರದೊಳಗೆ 45 ಡಿಗ್ರಿ ಇದ್ದರೆ ಈ ಕಾರಣದಿಂದಲೇ ದಿನಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳುತ್ತದೆ. ಎರಡು ಯಂತ್ರಗಳನ್ನು ತೆಗೆದುಕೊಂಡು, ಒಂದನ್ನು ಹತ್ತು ದಿನ ಸದಾ ನಡೆಯಬಿಡಿ, ಇನ್ನೊಂದನ್ನು ಆರಿಸಿಟ್ಟು ದಿನಕ್ಕೊಮ್ಮೆ ಅಲಾರಂನಿಂದ ಎಬ್ಬಿಸಿ. ದಿನವೂ ಬಯೋಸಿನ ಪುಟದಲ್ಲಿ ಕಾಣುವ ಹೊತ್ತನ್ನು ಆಕಾಶವಾಣಿಯ ವಾರ್ತೆಯ ಮುಂಚಿನ ಸಮಯಸೂಚನೆಯೊಂದಿಗೋ, ಮೊಬೈಲ್ ಫೋನಿನ ಗಡಿಯಾರದೊಂದಿಗೋ ಹೋಲಿಸಿ ಬರೆದಿಟ್ಟು, ದಿನಕ್ಕೆದುರಾಗಿ ವ್ಯತ್ಯಾಸದ ನಕ್ಷೆಯನ್ನು ಎಳೆಯಿರಿ. ಮರುವಾರ ಯಂತ್ರಗಳನ್ನು ಅದಲುಬದಲು ಮಾಡಿ ಮತ್ತೆ ನಡೆಸಿದರೆ, ಹುಟ್ಟುದೋಷ ಎಷ್ಟು, ಸೆಕೆಯ ದೋಷ ಎಷ್ಟು ಎಂದು ಬೇರ್ಪಡಿಸಲು ಬರುತ್ತದೆ. ಯಂತ್ರವು ಅಂತರಜಾಲದಿಂದ ಸಮಯವನ್ನು ತಿದ್ದಿಕೊಳ್ಳುವ ಏರ್ಪಾಡನ್ನು ಪ್ರಯೋಗದ ಅವಧಿಯಲ್ಲಿ ನಿಲ್ಲಿಸಿರಬೇಕು. ಇಲ್ಲದಿದ್ದರೆ ಎರಡು ನಕ್ಷೆಗಳೂ ಶೂನ್ಯದ ಮೇಲೆ ಚಪ್ಪಟೆಯಾಗಿ ಮಲಗಿರುವುವು.